ವರ್ಚುವಲ್ ಮಷೀನಿನಲ್ಲಿ ಕಂಪೈಲ್ ಅರ್ಧಕ್ಕೇ ನಿಲ್ಲುತ್ತಿದೆಯೇ? ಮೆಮೊರಿ ಲೆಕ್ಕ ಹಾಕಿ ದಾಟಿಸುವ ದಾರಿ

"ಸರ, ಎಂಬತ್ತು ಪರ್ಸೆಂಟಿಗಿ ಬಂದು ನಿಂದರ್ಲತ್ತದ್ರಿ." ಈ ಸಾಲು ನನಗೆ ವರ್ಷಕ್ಕೆ ಎಷ್ಟು ಸಲ ಬರುತ್ತದೋ ಲೆಕ್ಕ ಇಟ್ಟಿಲ್ಲ. ಕಲಬುರಗಿ, ಬೀದರ್ ಕಡೆಯ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾಯಿತು ಅಂದರೆ ಇದೂ ಶುರು. ಹುಡುಗರ ಹತ್ತಿರ ಇರುವುದು 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ಮೇಲೆ ವಿಂಡೋಸ್, ಅದರೊಳಗೆ ವರ್ಚುವಲ್‌ಬಾಕ್ಸ್, ಅದರೊಳಗೆ ಉಬುಂಟು, ಅದರೊಳಗೆ ಓಪನ್‌ಸಿವಿ (ಚಿತ್ರ ಸಂಸ್ಕರಣೆಯ ಲೈಬ್ರರಿ) ಅಥವಾ ಎಲ್‌ಎಲ್‌ವಿಎಂ (ಕಂಪೈಲರ್ ಸಲಕರಣೆಗಳ ಗುಂಪು) ತರಹದ ದೊಡ್ಡ ಸಾಫ್ಟ್‌ವೇರನ್ನು ಸೋರ್ಸ್ ಕೋಡಿನಿಂದ ಕಟ್ಟುವ, ಅಂದರೆ ಕಂಪೈಲ್ ಅಥವಾ ಬಿಲ್ಡ್ ಮಾಡುವ ಪ್ರಯತ್ನ. ಎರಡು ಗಂಟೆ ಸರಿಯಾಗಿ ಓಡುತ್ತದೆ. ಆಮೇಲೆ ಒಂದು ಎರರ್ ಸಾಲು ಬರುತ್ತದೆ, ಇಲ್ಲವೇ ಟರ್ಮಿನಲ್ಲೇ ಮಾಯವಾಗುತ್ತದೆ, ಇಲ್ಲವೇ ಮೌಸ್ ಕೂಡ ಅಲ್ಲಾಡದ ಹಾಗೆ ಇಡೀ ಮಷೀನು ಕಲ್ಲಾಗಿ ಕೂರುತ್ತದೆ.

ಕೋಡ್ ಕೆಟ್ಟಿದೆ ಅಂದುಕೊಂಡು ಎಲ್ಲ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದವರಿದ್ದಾರೆ. ಉಬುಂಟುವನ್ನೇ ಮೂರು ಸಲ ಇನ್‌ಸ್ಟಾಲ್ ಮಾಡಿದವರೂ ಇದ್ದಾರೆ. ಹತ್ತರಲ್ಲಿ ಎಂಟು ಸಲ ಒಂದೇ ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು. ಅದನ್ನು ಮೂರನೇ ಹಂತದಲ್ಲಿ ಹೇಳಿದ್ದೇನೆ. ಆದರೆ ಸೀದಾ ಅಲ್ಲಿಗೆ ಹಾರಬೇಡಿ.

ಕಮಾಂಡುಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಹಾಕಿ, ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಡ್ಯಾಶ್ ಅಂದರೆ ಚಿಕ್ಕ ಅಡ್ಡಗೆರೆ.

ಮೊದಲು ಐದು ಪದಗಳು

ಹೋಸ್ಟ್ ಅಂದರೆ ನಿಮ್ಮ ನಿಜವಾದ ಲ್ಯಾಪ್‌ಟಾಪ್ ಮತ್ತು ಅದರ ವಿಂಡೋಸ್. ಗೆಸ್ಟ್ ಅಂದರೆ ಅದರೊಳಗೆ ಓಡುವ ವರ್ಚುವಲ್ ಮಷೀನು. ಹೋಸ್ಟಿನ ರ‍್ಯಾಮಿನಲ್ಲಿ ನೀವು ಎಷ್ಟು ಕತ್ತರಿಸಿ ಕೊಡುತ್ತೀರೋ ಗೆಸ್ಟಿಗೆ ಅಷ್ಟೇ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ 8 ಇದ್ದರೂ ಗೆಸ್ಟಿಗೆ 4 ಕೊಟ್ಟಿದ್ದರೆ ಅದರ ಪ್ರಪಂಚದಲ್ಲಿ ಇರುವುದು ನಾಲ್ಕೇ.

ಜಾಬ್ ಅಂದರೆ ಒಂದೇ ಹೊತ್ತಿಗೆ ಓಡುವ ಒಂದು ಕಂಪೈಲ್ ಕೆಲಸ. ಸ್ವಾಪ್ ಅಂದರೆ ರ‍್ಯಾಮ್ ತುಂಬಿದಾಗ ಸದ್ಯಕ್ಕೆ ಬೇಡವಾದದ್ದನ್ನು ಎತ್ತಿಡಲು ಡಿಸ್ಕಿನಲ್ಲಿ ಮಾಡಿಕೊಂಡ ಜಾಗ. ಊಮ್ ಕಿಲ್ಲರ್ ಅಂದರೆ ರ‍್ಯಾಮೂ ಸ್ವಾಪೂ ಎರಡೂ ಮುಗಿದಾಗ ಲಿನಕ್ಸಿನ ತಿರುಳಾದ ಕರ್ನಲ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುವ ವ್ಯವಸ್ಥೆ. ಹೆಚ್ಚಾಗಿ ಜಾಸ್ತಿ ತಿನ್ನುತ್ತಿರುವುದೇ ಬಲಿ. ಕಂಪೈಲ್ ನಡೆಯುವಾಗ ಜಾಸ್ತಿ ತಿನ್ನುವುದು ಕಂಪೈಲರ್, ಅಲ್ವಾ?

ಹಂತ 1: ಮೆಮೊರಿಯೇ ಕಾರಣವೋ ನೋಡಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ಆಮೇಲೆ ರ‍್ಯಾಮಿಗೆ ದುಡ್ಡು ಹಾಕಿ, ಅದೇ ಎರರ್ ಮತ್ತೆ ನೋಡಿ ಕೂರುತ್ತಾರೆ.

ಜಿಸಿಸಿ ಅನ್ನುವ ಕಂಪೈಲರಿನಲ್ಲಿ ಸಿ ಪ್ಲಸ್ ಪ್ಲಸ್ ಕಂಪೈಲ್ ಮಾಡುವ ಒಳಗಿನ ಪ್ರೋಗ್ರಾಮಿನ ಹೆಸರು ಸಿಸಿ1ಪ್ಲಸ್. "ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್" ಅಂತ ಬಂದಿದ್ದರೆ ಸಂಶಯ ನೇರ ಮೆಮೊರಿಯ ಮೇಲೆ. ಹಳೆಯ ಜಿಸಿಸಿಯಲ್ಲಿ ಇದೇ ಸಂಗತಿ "ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್" ಅಂತ ಬರುತ್ತಿತ್ತು. ಅದನ್ನು ಓದಿ ಕಂಪೈಲರಿನಲ್ಲೇ ದೋಷ ಇದೆ ಅಂದುಕೊಂಡವರು ಬಹಳ. ಡಾಕರ್ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಸಲಕರಣೆ) ಒಳಗೆ ಕಟ್ಟುತ್ತಿದ್ದರೆ 137 ಅನ್ನುವ ಎಕ್ಸಿಟ್ ಕೋಡ್ ಕಾಣಬಹುದು. 128ಕ್ಕೆ 9 ಕೂಡಿಸಿದರೆ 137. ಒಂಬತ್ತನೇ ಸಿಗ್ನಲ್ ಅಂದರೆ 'ಮಾತಿಲ್ಲದೆ ಕೊಲ್ಲು' ಅನ್ನುವ ಆಜ್ಞೆ.

ಖಾತ್ರಿ ಮಾಡಿಕೊಳ್ಳಲು ಗೆಸ್ಟ್ ಒಳಗೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಜೊತೆ ಡಿ, ಎಂ, ಇ, ಎಸ್, ಜಿ ಈ ಐದು ಅಕ್ಷರದ ಕಮಾಂಡ್ ಕೊಡಿ. ಅದರ ನಂತರ ಡ್ಯಾಶ್ ಮತ್ತು ದೊಡ್ಡಕ್ಷರದ ಟಿ ಹಾಕಿದರೆ ಸಮಯವೂ ಕಾಣುತ್ತದೆ. ಇದು ಕರ್ನಲ್ ಬರೆದಿಟ್ಟ ದಿನಚರಿ. ಕೆಳಗಿನ ಸಾಲುಗಳಲ್ಲಿ "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್" ಅಂತ ಇದೆಯಾ ನೋಡಿ. ಇದ್ದರೆ ಅದೇ ಸಾಲಿನಲ್ಲಿ ಸತ್ತ ಪ್ರೋಗ್ರಾಮಿನ ಹೆಸರು, ಜೊತೆಗೆ ಆನಾನ್-ಆರ್‌ಎಸ್‌ಎಸ್ ಅನ್ನುವ ಒಂದು ಸಂಖ್ಯೆ ಇರುತ್ತದೆ. ಅದು ಸಾಯುವ ಹೊತ್ತಿಗೆ ಆ ಪ್ರೋಗ್ರಾಂ ಹಿಡಿದಿಟ್ಟಿದ್ದ ರ‍್ಯಾಮ್, ಕಿಲೋಬೈಟಿನಲ್ಲಿ. 1900000 ಅಂತ ಇದ್ದರೆ ಒಂದೇ ಜಾಬ್ ಹತ್ತಿರ ಹತ್ತಿರ 1.8 ಜಿಬಿ ತಿಂದಿದೆ. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ಎಚ್ಚರಿಕೆ: ನೋಡಲು ಹೀಗೇ ಇದ್ದು ಬೇರೆ ಕಾಯಿಲೆ ಆಗಿರುವವೂ ಇವೆ.

"ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂದರೆ ಡಿಸ್ಕ್ ತುಂಬಿದೆ. ರ‍್ಯಾಮಿಗೂ ಅದಕ್ಕೂ ಸಂಬಂಧ ಇಲ್ಲ.

"ವರ್ಚುವಲ್ ಮೆಮೊರಿ ಎಕ್ಸಾಸ್ಟೆಡ್" ಅಂದರೆ ಕಂಪೈಲರ್ ಕೇಳಿತು, ಸಿಗಲಿಲ್ಲ, ತಾನಾಗಿ ನಿಂತಿತು. 32 ಬಿಟ್ ಗೆಸ್ಟಿನಲ್ಲಿ ಇದು ಸಾಮಾನ್ಯ. ಅಲ್ಲಿ ಒಂದು ಪ್ರೋಗ್ರಾಮಿಗೆ ಸುಮಾರು 3 ಜಿಬಿಗಿಂತ ಜಾಸ್ತಿ ವಿಳಾಸವೇ ಸಿಗುವುದಿಲ್ಲ. ಎಷ್ಟು ರ‍್ಯಾಮ್ ಸುರಿದರೂ ಅಷ್ಟೇ, 64 ಬಿಟ್ ಗೆಸ್ಟ್ ಹಾಕಿ.

"ಜಾವಾ ಹೀಪ್ ಸ್ಪೇಸ್" ಅಥವಾ "ಜಾವಾಸ್ಕ್ರಿಪ್ಟ್ ಹೀಪ್ ಔಟ್ ಆಫ್ ಮೆಮೊರಿ" ಬಂದರೆ ಆ ಪ್ರೋಗ್ರಾಂ ತನಗೆ ಹಾಕಿಕೊಂಡ ಮಿತಿ ಮುಗಿದಿದೆ. ಜಾವಾ ಬಿಲ್ಡ್ ನಡೆಸುವ ಗ್ರೇಡಲ್‌ನಲ್ಲಿ ಎಕ್ಸ್‌ಎಂಎಕ್ಸ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಮ್ಯಾಕ್ಸ್-ಓಲ್ಡ್-ಸ್ಪೇಸ್-ಸೈಜ್ ಅನ್ನುವ ಆಯ್ಕೆ ಹೆಚ್ಚಿಸಬೇಕು.

ಇನ್ನೊಂದು ವಿಚಿತ್ರ: ಎರರ್ ಏನೂ ಇಲ್ಲದೆ ಟರ್ಮಿನಲ್ ಕಿಟಕಿಯೇ ಮುಚ್ಚಿಹೋಗುವುದು. ಉಬುಂಟು 22.04 ಡೆಸ್ಕ್‌ಟಾಪಿನಿಂದ ಸಿಸ್ಟಂಡಿ-ಊಮ್‌ಡಿ ಅನ್ನುವ ಇನ್ನೊಬ್ಬ ಕಾವಲುಗಾರ ಇದ್ದಾನೆ. ಇವನು ಒಂದೊಂದೇ ಪ್ರೋಗ್ರಾಂ ನೋಡುವುದಿಲ್ಲ, ಗುಂಪಿಗೆ ಗುಂಪೇ ಎತ್ತಿಬಿಡುತ್ತಾನೆ. ಹಾಗಾಗಿ ಟರ್ಮಿನಲ್ಲೂ ಅದರೊಳಗಿನ ಕಂಪೈಲೂ ಒಟ್ಟಿಗೇ ಹೋಗುತ್ತವೆ. ಜರ್ನಲ್‌ಸಿಟಿಎಲ್ ಕಮಾಂಡಿನಲ್ಲಿ ಇವನ ಹೆಸರು ಹುಡುಕಿದರೆ ಸಿಗುತ್ತದೆ.

ಹಂತ 2: ಎಷ್ಟಿದೆ ಅಂತ ಅಳೆಯಿರಿ

ಎರಡೇ ಕಮಾಂಡು. ಫ್ರೀ ಡ್ಯಾಶ್ ಎಚ್ ಕೊಟ್ಟರೆ ಗೆಸ್ಟಿನ ಮೆಮೊರಿ ಕಾಣುತ್ತದೆ. ಎನ್‌ಪ್ರಾಕ್ ಕೊಟ್ಟರೆ ಗೆಸ್ಟಿಗೆ ಎಷ್ಟು ಸಿಪಿಯು ಕಾಣುತ್ತಿವೆ ಅಂತ ಒಂದೇ ಅಂಕಿ ಬರುತ್ತದೆ.

ಫ್ರೀ ಕಮಾಂಡಿನಲ್ಲಿ "ಫ್ರೀ" ಕಂಬವನ್ನು ನೋಡಿ ಗಾಬರಿ ಬೀಳಬೇಡಿ. ಲಿನಕ್ಸ್ ಖಾಲಿ ರ‍್ಯಾಮನ್ನು ಸುಮ್ನೆ ಬಿಡುವುದಿಲ್ಲ, ಫೈಲುಗಳ ನಕಲು ಇಡಲು ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಕೊನೆಯ "ಅವೈಲಬಲ್" ಕಂಬವೇ ನಿಮ್ಮ ಕೈಯಲ್ಲಿರುವ ನಿಜವಾದ ಮೆಮೊರಿ. 4 ಜಿಬಿ ಗೆಸ್ಟಿನಲ್ಲಿ ಡೆಸ್ಕ್‌ಟಾಪ್ ಓಡುತ್ತಾ, ಒಂದು ಬ್ರೌಸರ್ ತೆರೆದಿದ್ದರೆ ಅಲ್ಲಿ 2 ಜಿಬಿ ಕಂಡರೆ ಹೆಚ್ಚು.

ಈಗ ಒಂದು ಜಾಬಿಗೆ ಎಷ್ಟು ಬೇಕು ಅನ್ನುವುದು. ಮೊದಲ ಹಂತದ ಚೀಟಿ ಇದ್ದರೆ ಅದೇ ಸಂಖ್ಯೆ. ಇಲ್ಲದಿದ್ದರೆ ಸಿ ಪ್ಲಸ್ ಪ್ಲಸ್‌ಗೆ ಜಾಬಿಗೆ 2 ಜಿಬಿ ಅಂತ ಹಿಡಿಯಿರಿ. ಎಲ್ಲವನ್ನೂ ಸೋರ್ಸಿನಿಂದಲೇ ಕಟ್ಟಿಕೊಳ್ಳುವ ಜೆಂಟೂ ಲಿನಕ್ಸಿನವರೂ ಇದೇ ಲೆಕ್ಕ ಹೇಳುತ್ತಾರೆ. ಬರೀ ಸಿ ಭಾಷೆಯ ಲಿನಕ್ಸ್ ಕರ್ನಲ್ ಆದರೆ ಇದಕ್ಕಿಂತ ಬಹಳ ಕಡಿಮೆ ಸಾಕು. ಟೆಂಪ್ಲೇಟು ತುಂಬಿದ ಸಿ ಪ್ಲಸ್ ಪ್ಲಸ್ ಕೋಡ್ ಮಾತ್ರ ಹೊಟ್ಟೆಬಾಕ.

ಖಾತ್ರಿ ಸಂಖ್ಯೆ ಬೇಕು ಅನ್ನುವವರಿಗೆ ಒಂದು ಉಪಾಯ. ಬಿಲ್ಡ್ ಕಮಾಂಡಿಗೆ ಮೊದಲು ಟೈಮ್ ಅನ್ನುವ ಪ್ರೋಗ್ರಾಮನ್ನು ಡ್ಯಾಶ್ ವಿ ಜೊತೆ ಹಾಕಿ. ಮುಗಿದ ಮೇಲೆ "ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್" ಅಂತ ಒಂದು ಸಾಲು ಬರುತ್ತದೆ. ಅದು ಎಲ್ಲ ಜಾಬುಗಳ ಮೊತ್ತ ಅಲ್ಲ, ಅತಿ ದೊಡ್ಡ ಒಂದೇ ಪ್ರೋಗ್ರಾಂ ತಿಂದ ರ‍್ಯಾಮ್. ನಮಗೆ ಬೇಕಾದದ್ದೂ ಅದೇ. ಒಂದು ಕಿರಿಕಿರಿ ಇದೆ: ಬರೀ ಟೈಮ್ ಅಂತ ಹಾಕಿದರೆ ಶೆಲ್ಲಿನ ಸ್ವಂತ ಟೈಮ್ ಓಡಿ ಈ ವಿವರ ಕೊಡುವುದಿಲ್ಲ. ಸ್ಲ್ಯಾಶ್ ಯುಎಸ್‌ಆರ್ ಸ್ಲ್ಯಾಶ್ ಬಿನ್ ಸ್ಲ್ಯಾಶ್ ಟೈಮ್ ಅಂತ ಪೂರ್ತಿ ದಾರಿ ಹಾಕಬೇಕು.

ಹಂತ 3: ಜಾಬುಗಳನ್ನು ಇಳಿಸಿ

ಮನೆಯಲ್ಲಿ ಕಾರ್ಯ ಇದೆ, ನೂರಾರು ಜೋಳದ ರೊಟ್ಟಿ ಆಗಬೇಕು ಅಂದುಕೊಳ್ಳಿ. ಒಲೆಯ ಹತ್ತಿರ ಇಬ್ಬರು ಕೂತು ಬಡಿಯುವಷ್ಟೇ ಜಾಗ. ಬೇಗ ಆಗಲಿ ಅಂತ ಎಂಟು ಜನರನ್ನು ಕೂರಿಸಿದರೆ ಹಿಟ್ಟಿನ ಪರಾತ ಇಡಲೂ ಜಾಗ ಇಲ್ಲ, ಕೈ ಆಡಿಸಲೂ ಜಾಗ ಇಲ್ಲ. ಬಿಲ್ಡಿನಲ್ಲಿ ನಾವು ಮಾಡುವುದು ಇದನ್ನೇ. ಸಿಪಿಯು ಎಂಟಿದೆ ಅಂತ ಎಂಟು ಜನರನ್ನು ಕೂರಿಸುತ್ತೇವೆ, ಕೋಣೆ ಎಷ್ಟಿದೆ ಅಂತ ನೋಡುವುದಿಲ್ಲ.

ಭಾಗಾಕಾರ ಇಷ್ಟೇ: ಅವೈಲಬಲ್ ಮೆಮೊರಿಯನ್ನು ಒಂದು ಜಾಬಿಗೆ ಬೇಕಾದ ಮೆಮೊರಿಯಿಂದ ಭಾಗಿಸಿ. ಬಂದ ಉತ್ತರ ಮತ್ತು ಎನ್‌ಪ್ರಾಕ್ ಅಂಕಿ, ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟೇ ಜಾಬು. 5 ಜಿಬಿ ಇದೆ, ಜಾಬಿಗೆ 2 ಬೇಕು ಅಂದರೆ ಎರಡು. ಎರಡೂವರೆ ಬಂದರೆ ಮೂರಕ್ಕೆ ಏರಿಸಬೇಡಿ, ಎರಡಕ್ಕೆ ಇಳಿಸಿ.

ಮೇಕ್, ನಿಂಜಾ ಎರಡೂ ಬಿಲ್ಡ್ ನಡೆಸುವ ಪ್ರೋಗ್ರಾಮುಗಳು. ಮೇಕ್ ಬಳಸುವವರು ಮೇಕ್ ಡ್ಯಾಶ್ ಜೆ 2 ಅಂತ ಕೊಡಿ. ನಿಂಜಾ ಬಳಸುವವರೂ ನಿಂಜಾ ಡ್ಯಾಶ್ ಜೆ 2. ರಸ್ಟ್ ಭಾಷೆಯ ಕಾರ್ಗೋದಲ್ಲೂ ಅದೇ ಡ್ಯಾಶ್ ಜೆ ನಡೆಯುತ್ತದೆ. ಪೈಥಾನಿನಲ್ಲಿ ಪೈಟಾರ್ಚ್ ತರಹದ್ದನ್ನು ಸೋರ್ಸಿನಿಂದ ಕಟ್ಟುವಾಗ ಮ್ಯಾಕ್ಸ್ ಅಂಡರ್‌ಸ್ಕೋರ್ ಜಾಬ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು, ಎಲ್ಲ ದೊಡ್ಡಕ್ಷರದಲ್ಲಿ, 2 ಅಂತ ಇಟ್ಟು ಓಡಿಸಿ.

ಎಲ್ಲರೂ ಬೀಳುವ ಗುಂಡಿಗಳು ಇಲ್ಲಿ ಎರಡಿವೆ.

ಒಂದು, ಡ್ಯಾಶ್ ಜೆ ಹಾಕಿ ಅಂಕಿ ಮರೆಯುವುದು. ಮೇಕ್‌ಗೆ ಅದರ ಅರ್ಥ 'ಮಿತಿಯೇ ಇಲ್ಲ, ಎಷ್ಟು ಬೇಕಾದರೂ ಹುಟ್ಟಿಸು'. ದೊಡ್ಡ ಪ್ರಾಜೆಕ್ಟಿನಲ್ಲಿ ಅರ್ಧ ನಿಮಿಷದಲ್ಲಿ ಗೆಸ್ಟ್ ಕಲ್ಲಾಗುತ್ತದೆ. ನಾನೂ ಮಾಡಿದ್ದೇನೆ, ಪವರ್ ಬಟನ್ ಒತ್ತಿ ಹಿಡಿದೇ ಹೊರಗೆ ಬಂದಿದ್ದು.

ಎರಡು, ನಿಂಜಾಗೆ ಏನೂ ಹೇಳದೇ ಇರುವುದು. ಅಂಕಿ ಕೊಡದಿದ್ದರೆ ಮೇಕ್ ಒಂದೇ ಜಾಬ್ ಓಡಿಸುತ್ತದೆ, ಪಾಪದ ಪ್ರಾಣಿ. ನಿಂಜಾ ಹಾಗಲ್ಲ, ಸಿಪಿಯು ಎಷ್ಟಿವೆಯೋ ಅದಕ್ಕೆ ಇನ್ನೂ ಎರಡು ಸೇರಿಸಿ ಓಡಿಸುತ್ತದೆ. ಡಬ್ಲ್ಯುಎಸ್‌ಎಲ್ 2, ಅಂದರೆ ವಿಂಡೋಸಿನೊಳಗೇ ಬರುವ ಲಿನಕ್ಸ್, ಬಳಸುವವರಿಗೆ ಇದು ನೇರ ಏಟು. ಅದು ತಾನಾಗಿ ವಿಂಡೋಸಿನ ಅರ್ಧ ರ‍್ಯಾಮನ್ನು ಮಾತ್ರ ತೆಗೆದುಕೊಳ್ಳುತ್ತದೆ, ಆದರೆ ಸಿಪಿಯು ಎಲ್ಲವನ್ನೂ ತೋರಿಸುತ್ತದೆ. 8 ಜಿಬಿ, 8 ಥ್ರೆಡ್ಡಿನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದು 4 ಜಿಬಿ, ನಿಂಜಾ ಹುಟ್ಟಿಸಿದ್ದು ಹತ್ತು ಜಾಬು. ಜಾಬಿಗೆ 400 ಎಂಬಿ. ಇದು ಸಾಯದೇ ಇನ್ನೇನಾಗುತ್ತದೆ?

ಸತ್ತುಹೋದ ಬಿಲ್ಡನ್ನು ಮೊದಲಿನಿಂದ ಶುರು ಮಾಡಬೇಕಿಲ್ಲ. ಮೇಕ್ ಕ್ಲೀನ್ ಕೊಡಬೇಡಿ. ಅದೇ ಫೋಲ್ಡರಿನಲ್ಲಿ ಕಡಿಮೆ ಜಾಬಿನೊಂದಿಗೆ ಅದೇ ಕಮಾಂಡ್ ಮತ್ತೆ ಕೊಡಿ, ಆಗಿರುವುದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ನಾನು ಮಾಡುವುದು ಹೀಗೆ: ನಾಲ್ಕರಲ್ಲಿ ಶುರು ಮಾಡಿ, ಭಾರಿ ಫೈಲುಗಳ ಹತ್ತಿರ ಸತ್ತರೆ ಅಷ್ಟು ದೂರ ಒಂದರಲ್ಲಿ ದಾಟಿಸಿ, ಮತ್ತೆ ನಾಲ್ಕಕ್ಕೆ ಬರುವುದು.

ಹಂತ 4: ಗೆಸ್ಟಿಗೆ ರ‍್ಯಾಮ್ ಜಾಸ್ತಿ ಕೊಡಿ, ಆದರೆ ಹೋಸ್ಟನ್ನು ಉಪವಾಸ ಕೆಡವಬೇಡಿ

ವರ್ಚುವಲ್‌ಬಾಕ್ಸಿನಲ್ಲಿ ಗೆಸ್ಟನ್ನು ಪೂರ್ತಿ ಶಟ್‌ಡೌನ್ ಮಾಡಿ. ಸೇವ್ ಮಾಡಿಟ್ಟ ಸ್ಥಿತಿಯಲ್ಲಿದ್ದರೆ ಮೆಮೊರಿ ಬದಲಿಸಲು ಬಿಡುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಂ, ಬೇಸ್ ಮೆಮೊರಿ. ಅಲ್ಲಿ ಎಳೆಯುವ ಪಟ್ಟಿಯಲ್ಲಿ ಹಸಿರು, ಕೆಂಪು ಬಣ್ಣ ಇರುತ್ತದೆ. ಕೆಂಪಿಗೆ ಹೋಗಬೇಡಿ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ನಾನು 5 ಜಿಬಿ ದಾಟುವುದಿಲ್ಲ, ಅದೂ ವಿಂಡೋಸಿನಲ್ಲಿ ಬ್ರೌಸರ್ ಮುಚ್ಚಿದ ಮೇಲೆ.

ಜಾಸ್ತಿ ಕೊಟ್ಟರೆ ಏನಾಗುತ್ತದೆ? 8ರಲ್ಲಿ 7 ಕೊಟ್ಟಿರಿ ಅಂದುಕೊಳ್ಳಿ. ವಿಂಡೋಸಿಗೆ ಉಸಿರಾಡಲು ಜಾಗ ಸಾಲದೆ ತನ್ನ ಪೇಜ್ ಫೈಲಿಗೆ ಎತ್ತಿಡಲು ಶುರು ಮಾಡುತ್ತದೆ. ಅದೇ ಹೊತ್ತಿಗೆ ಒಳಗೆ ಗೆಸ್ಟ್ ಕೂಡ ತನ್ನ ಸ್ವಾಪಿಗೆ ಎತ್ತಿಡುತ್ತಿರುತ್ತದೆ. ಎರಡೂ ಒಂದೇ ಡಿಸ್ಕಿನ ಮೇಲೆ ಜಗಳಕ್ಕೆ ಬೀಳುತ್ತವೆ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಅದೇ ಪುಟದಲ್ಲಿ ಸಿಪಿಯು ಸಂಖ್ಯೆಯನ್ನೂ ನೋಡಿ. 5 ಜಿಬಿ ಗೆಸ್ಟಿಗೆ 2 ಸಿಪಿಯು ಕೊಟ್ಟುಬಿಟ್ಟರೆ ನಿಂಜಾ ತಾನಾಗಿ ಅತಿ ಮಾಡುವ ಪ್ರಮೇಯವೇ ಕಡಿಮೆ. ಮರೆತು ಅಂಕಿ ಬಿಟ್ಟರೂ ಮೂರೇ ಜಾಬು, ಸಿಪಿಯು ಎರಡೇ ಇದ್ದಾಗ ನಿಂಜಾ ಒಂದನ್ನೇ ಸೇರಿಸುತ್ತದೆ.

ಡಬ್ಲ್ಯುಎಸ್‌ಎಲ್ 2ರಲ್ಲಿ ಎಳೆಯುವ ಪಟ್ಟಿ ಹುಡುಕಬೇಡಿ, ಒಂದು ಫೈಲ್ ಬರೆದರೆ ಆಯಿತು. ವಿಂಡೋಸಿನಲ್ಲಿ ನಿಮ್ಮ ಯೂಸರ್ ಫೋಲ್ಡರಿನಲ್ಲಿ ಡಾಟ್ ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಅನ್ನುವ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಚೌಕ ಕಂಸದೊಳಗೆ ಡಬ್ಲ್ಯುಎಸ್‌ಎಲ್2. ಕೆಳಗೆ ಮೂರು ಸಾಲು: ಮೆಮೊರಿ ಈಕ್ವಲ್ 5ಜಿಬಿ, ಪ್ರೊಸೆಸರ್ಸ್ ಈಕ್ವಲ್ 2, ಸ್ವಾಪ್ ಈಕ್ವಲ್ 8ಜಿಬಿ. ಜಿಬಿ ಮಾತ್ರ ದೊಡ್ಡಕ್ಷರ. ನೋಟ್‌ಪ್ಯಾಡ್ ಸದ್ದಿಲ್ಲದೆ ಹೆಸರಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಸೇರಿಸುತ್ತದೆ, ಆಗ ಆ ಫೈಲನ್ನು ಯಾರೂ ಓದುವುದಿಲ್ಲ. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ. ಆಮೇಲೆ ಪವರ್‌ಶೆಲ್ಲಿನಲ್ಲಿ ಡಬ್ಲ್ಯುಎಸ್‌ಎಲ್, ಎರಡು ಡ್ಯಾಶ್, ಶಟ್‌ಡೌನ್ ಕೊಡಿ. ಬರೀ ಕಿಟಕಿ ಮುಚ್ಚಿ ತೆರೆದರೆ ಬದಲಾವಣೆ ಹತ್ತುವುದಿಲ್ಲ.

ಹಂತ 5: ಸ್ವಾಪ್ ಫೈಲ್

ರ‍್ಯಾಮ್ ಹೆಚ್ಚಿಸಲು ಆಗದವರಿಗೆ ಇದೇ ಆಸರೆ. ಬಾಡಿಗೆಯ ಕ್ಲೌಡ್ ಮಷೀನಿನಲ್ಲಿ 1 ಜಿಬಿ ಇಟ್ಟುಕೊಂಡವರಿಗೂ ಅಷ್ಟೇ, ಅಲ್ಲಿ ಬಹಳ ಕಡೆ ಸ್ವಾಪ್ ಇರುವುದೇ ಇಲ್ಲ.

ಮೊದಲು ಡಿಎಫ್ ಡ್ಯಾಶ್ ಎಚ್ ಕೊಟ್ಟು ಗೆಸ್ಟಿನ ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ. ಹೋಸ್ಟಿನ ಸಿ ಡ್ರೈವಿನಲ್ಲೂ ನೋಡಿ. ವರ್ಚುವಲ್‌ಬಾಕ್ಸಿನ ಬೆಳೆಯುವ ಡಿಸ್ಕು ಒಳಗೆ 50 ಜಿಬಿ ಅಂತ ತೋರಿಸಿದರೂ ಹೊರಗೆ ಸಿ ಡ್ರೈವ್ ತುಂಬಿದ್ದರೆ ಮಧ್ಯದಲ್ಲೇ ಗೆಸ್ಟ್ ನಿಂತುಬಿಡುತ್ತದೆ.

ಜಾಗ ಇದ್ದರೆ ಈ ನಾಲ್ಕು ಕಮಾಂಡುಗಳನ್ನು ಸುಡೋ ಜೊತೆ ಒಂದರ ನಂತರ ಒಂದು ಕೊಡಿ. ಎಫ್‌ಆಲೋಕೇಟ್ ಡ್ಯಾಶ್ ಎಲ್ 8ಜಿ, ಮುಂದೆ ಸ್ಲ್ಯಾಶ್ ಸ್ವಾಪ್‌ಬಿಲ್ಡ್: ಇದು 8 ಜಿಬಿ ಫೈಲ್ ಮಾಡುತ್ತದೆ, ಜಿ ದೊಡ್ಡಕ್ಷರ. ಸಿಎಚ್‌ಮಾಡ್ 600: ಬೇರೆಯವರು ಓದದ ಹಾಗೆ ಬೀಗ. ಎಂಕೆಸ್ವಾಪ್: ಫೈಲನ್ನು ಸ್ವಾಪ್ ರೂಪಕ್ಕೆ ತರುತ್ತದೆ. ಸ್ವಾಪಾನ್: ಚಾಲೂ ಮಾಡುತ್ತದೆ. ಕೊನೆಯ ಮೂರು ಕಮಾಂಡುಗಳ ನಂತರವೂ ಅದೇ ಫೈಲಿನ ಹೆಸರು. ಆಮೇಲೆ ಫ್ರೀ ಡ್ಯಾಶ್ ಎಚ್ ಕೊಟ್ಟರೆ ಸ್ವಾಪ್ ಸಾಲಿನಲ್ಲಿ ಹೊಸ ಅಂಕಿ ಕಾಣಬೇಕು.

ಸ್ವಾಪ್‌ಬಿಲ್ಡ್ ಅನ್ನುವ ಹೆಸರು ನಾನು ಇಟ್ಟದ್ದು. ಉಬುಂಟುವಿನಲ್ಲಿ ಈಗಾಗಲೇ ಒಂದು ಸ್ವಾಪ್ ಫೈಲ್ ಇರುತ್ತದೆ. ಅದರ ಹೆಸರನ್ನೇ ಬಳಸಲು ಹೋಗಿ ಎರರ್ ಬರಿಸಿಕೊಳ್ಳಬೇಡಿ.

ಶಾಶ್ವತವಾಗಿ ಬೇಕು ಅಂದರೆ ಬೂಟ್ ಆಗುವಾಗ ಲಿನಕ್ಸ್ ಓದುವ ಎಫ್‌ಎಸ್‌ಟ್ಯಾಬ್ ಫೈಲಿಗೆ ಒಂದು ಸಾಲು ಸೇರಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಂದು ಬಿಲ್ಡಿಗೆ ಬೇಕಾದದ್ದು ರೀಬೂಟ್ ಆದರೆ ತಾನಾಗಿ ಬಿಟ್ಟುಹೋಗಲಿ. ಆ ಫೈಲಿಗೆ ಸಾಲು ಸೇರಿಸುವಾಗ ಎರಡು ಬಾಣದ ಗುರುತಿನ ಬದಲು ಒಂದೇ ಹಾಕಿ ಇಡೀ ಫೈಲ್ ಅಳಿಸಿಕೊಂಡು ಗೆಸ್ಟನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ. ಕೆಲಸ ಮುಗಿದ ಮೇಲೆ ಸ್ವಾಪಾಫ್ ಕೊಟ್ಟು ಫೈಲ್ ಅಳಿಸಿ.

ಸ್ವಾಪ್ ಬಂತು ಅಂತ ಜಾಬ್ ಏರಿಸಬೇಡಿ. ಎಸ್‌ಎಸ್‌ಡಿ ಕೂಡ ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನ. ಆಗೊಮ್ಮೆ ಈಗೊಮ್ಮೆ ಬರುವ ದೊಡ್ಡ ಫೈಲನ್ನು ದಾಟಿಸಲು ಸ್ವಾಪ್, ಪೂರ್ತಿ ಹೊತ್ತು ಅದರ ಮೇಲೇ ಬದುಕಲು ಅಲ್ಲ. ಇನ್ನೊಂದು ಟರ್ಮಿನಲ್ಲಿನಲ್ಲಿ ವಿಎಂಸ್ಟ್ಯಾಟ್ 1 ಓಡಿಸಿಡಿ, ಸೆಕೆಂಡಿಗೊಂದು ಸಾಲು ಬರುತ್ತದೆ. ಅದರಲ್ಲಿ ಎಸ್‌ಐ, ಎಸ್‌ಒ ಅಂತ ಎರಡು ಕಂಬ: ಸ್ವಾಪಿನಿಂದ ಒಳಗೆ ಬಂದದ್ದು, ಹೊರಗೆ ಹೋದದ್ದು. ಸೊನ್ನೆ ಇದ್ದು ನಡುನಡುವೆ ಜಿಗಿದರೆ ಚಿಂತೆ ಇಲ್ಲ. ಎರಡೂ ಕಂಬದಲ್ಲಿ ನಿಮಿಷಗಟ್ಟಲೆ ಸಾವಿರಗಳು ಓಡುತ್ತಿದ್ದರೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಒಂದು ಜಾಬ್ ಕಡಿಮೆ ಮಾಡಿ ಮತ್ತೆ ಶುರು ಮಾಡಿ.

ಹಂತ 6: ಕೊನೆಯಲ್ಲಿ ಸಾಯುತ್ತಿದ್ದರೆ ಲಿಂಕರನ್ನು ಹಿಡಿಯಿರಿ

ಎಂಬತ್ತು, ತೊಂಬತ್ತು ಪರ್ಸೆಂಟಿನಲ್ಲಿ ಸಾಯುವ ಬಿಲ್ಡುಗಳ ಗುಟ್ಟು ಬಹಳ ಸಲ ಇಲ್ಲಿರುತ್ತದೆ. ಕಂಪೈಲರ್ ಒಂದೊಂದೇ ಫೈಲನ್ನು ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಆ ಸಾವಿರಾರು ತುಂಡುಗಳನ್ನು ಹೊಲಿದು ಒಂದು ಪ್ರೋಗ್ರಾಂ ಮಾಡುವುದು ಲಿಂಕರ್. ತುಂಡುಗಳೆಲ್ಲ ಒಟ್ಟಿಗೇ ಅದರ ಮುಂದೆ ಹರಡಿರಬೇಕು, ಹಾಗಾಗಿ ಒಂದೇ ಲಿಂಕ್ ಹಲವು ಜಿಬಿ ತಿನ್ನಬಹುದು. ಕರ್ನಲ್ ದಿನಚರಿಯಲ್ಲಿ ಸತ್ತವನ ಹೆಸರು ಸಿಸಿ1ಪ್ಲಸ್ ಆಗಿರದೆ ಎಲ್‌ಡಿ ಅಂತ ಇದ್ದರೆ ಇದೇ ಕಥೆ.

ಪರಿಣಾಮ ದೊಡ್ಡದಿರುವ ಕ್ರಮದಲ್ಲೇ ಹೇಳುತ್ತೇನೆ. ಡೀಬಗ್ ಮಾಹಿತಿ, ಅಂದರೆ ಕೋಡಿನ ತಪ್ಪು ಹುಡುಕಲು ಸೇರಿಸುವ ವಿವರ, ತೆಗೆಯಿರಿ. ಸಿಮೇಕ್ (ಬಿಲ್ಡಿನ ಸಿದ್ಧತೆ ಮಾಡುವ ಪ್ರೋಗ್ರಾಂ) ಬಳಸುವ ಪ್ರಾಜೆಕ್ಟಾದರೆ ಬಿಲ್ಡ್ ಟೈಪನ್ನು ಡೀಬಗ್ ಬದಲು ರಿಲೀಸ್ ಮಾಡಿ. ಎಲ್‌ಎಲ್‌ವಿಎಂನಲ್ಲಿ ಈ ಒಂದು ಬದಲಾವಣೆಗೇ ರ‍್ಯಾಮೂ ಡಿಸ್ಕೂ ಎರಡೂ ಧಡಕ್ಕನೆ ಇಳಿಯುತ್ತವೆ. ಪ್ರಾಜೆಕ್ಟಿಗೆ ಕಂಪೈಲರನ್ನು ಬರೀ ಬಳಸುವುದಿದ್ದರೆ ಡೀಬಗ್ ಯಾಕೆ ಬೇಕು ಹೇಳಿ?

ಆಮೇಲೆ ಲಿಂಕ್ ಜಾಬುಗಳನ್ನು ಬೇರೆಯಾಗಿ ಕಟ್ಟಿಹಾಕಿ. ಎಲ್‌ಎಲ್‌ವಿಎಂಗೆ ಸಿಮೇಕ್ ಓಡಿಸುವಾಗಲೇ ಪ್ಯಾರಲಲ್ ಲಿಂಕ್ ಜಾಬ್ಸ್ ಅನ್ನುವ ಆಯ್ಕೆಯನ್ನು 1 ಅಂತ ಕೊಡಬಹುದು. ಹೆಸರಿನ ಶುರುವಿಗೆ ಎಲ್‌ಎಲ್‌ವಿಎಂ, ಎಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಇದು ನಿಂಜಾ ಜೊತೆ ಮಾತ್ರ ಕೆಲಸ ಮಾಡುತ್ತದೆ, ಮೇಕ್ ಬಳಸಿದರೆ ಲೆಕ್ಕಕ್ಕಿಲ್ಲ. ಅಲ್ಲೇ ಟಾರ್ಗೆಟ್ಸ್ ಟು ಬಿಲ್ಡ್ ಅನ್ನುವುದಕ್ಕೆ ಎಕ್ಸ್86 ಅಂತ ಕೊಡಿ, ಎಕ್ಸ್ ದೊಡ್ಡಕ್ಷರ. ನಿಮಗೆ ಬೇಡವಾದ ಹತ್ತಾರು ಪ್ರೊಸೆಸರುಗಳ ಕೋಡ್ ಕಟ್ಟುತ್ತಾ ಕೂರುವ ಗೋಳು ತಪ್ಪುತ್ತದೆ.

ಎಲ್‌ಡಿ ಬದಲು ಎಲ್‌ಎಲ್‌ಡಿ ಅಥವಾ ಮೋಲ್ಡ್ ಅನ್ನುವ ಹೊಸ ಲಿಂಕರ್ ಹಾಕಿಯೂ ನೋಡಿ, ಬಹಳ ವೇಗ. ಎಲ್‌ಟಿಒ, ಅಂದರೆ ಲಿಂಕ್ ಹೊತ್ತಿನಲ್ಲಿ ಇಡೀ ಪ್ರೋಗ್ರಾಮನ್ನು ಮತ್ತೊಮ್ಮೆ ತಿದ್ದುವ ಆಯ್ಕೆ, ಎಲ್ಲಾದರೂ ಆನ್ ಇದ್ದರೆ ಆಫ್ ಮಾಡಿ. 8 ಜಿಬಿ ಮಷೀನಿಗೆ ಅದು ಶೋಕಿ.

ಹಂತ 7: ಗೆಸ್ಟಿನ ಡೆಸ್ಕ್‌ಟಾಪ್ ಆಫ್ ಮಾಡಿ

ಕಂಪೈಲ್ ಮಾಡಲು ಚಂದದ ಕಿಟಕಿ, ಐಕಾನು ಬೇಡ. ಸುಡೋ ಸಿಸ್ಟಂಸಿಟಿಎಲ್ ಐಸೊಲೇಟ್ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್ ಅಂತ ಕೊಟ್ಟರೆ ಕಪ್ಪು ಪರದೆಯ ಲಾಗಿನ್ ಬರುತ್ತದೆ, 1 ಜಿಬಿ ಆಸುಪಾಸು ಉಳಿಯುತ್ತದೆ. ತೆರೆದ ಕೆಲಸ ಸೇವ್ ಮಾಡಿಕೊಂಡೇ ಕೊಡಿ, ಕಿಟಕಿಗಳೆಲ್ಲ ಮುಚ್ಚಿಹೋಗುತ್ತವೆ. ವಾಪಸ್ ಬರಲು ಅದೇ ಕಮಾಂಡಿನಲ್ಲಿ ಮಲ್ಟಿ-ಯೂಸರ್ ಬದಲು ಗ್ರಾಫಿಕಲ್. ಡಬ್ಲ್ಯುಎಸ್‌ಎಲ್‌ನವರಿಗೆ ಈ ಹಂತ ಬೇಡ.

ಹಂತ 8: ಕರೆಂಟು

ಇದು ಮೆಮೊರಿ ವಿಷಯ ಅಲ್ಲ, ಆದರೆ ನಮ್ಮ ಕಡೆ ಬಿಡುವ ಹಾಗಿಲ್ಲ. ಜಾಬ್ ಎರಡಕ್ಕೆ ಇಳಿಸಿದಿರಿ ಅಂದರೆ ಬಿಲ್ಡು ರಾತ್ರಿಯಿಡೀ ಓಡುತ್ತದೆ. ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದು ಮಳೆ ಬಂತು ಅಂದರೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಚೆನ್ನಾಗಿದ್ದರೆ ಗೆಸ್ಟಿನ ಕಿಟಕಿ ಮುಚ್ಚುವಾಗ 'ಸೇವ್ ದಿ ಮಷೀನ್ ಸ್ಟೇಟ್' ಆರಿಸಿ, ಬಿಲ್ಡ್ ಇದ್ದಲ್ಲೇ ಹೆಪ್ಪುಗಟ್ಟುತ್ತದೆ, ಆಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಬಿಲ್ಡ್ ಹಚ್ಚಬೇಡಿ. ಬಿಸಿಗೆ ಸಿಪಿಯು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲೆ ಇಟ್ಟರಂತೂ ಕೇಳಲೇಬೇಡಿ.

ದಿಢೀರ್ ಕರೆಂಟ್ ಹೋಗಿ ಮಷೀನು ಆರಿಹೋಗಿದ್ದರೆ ಅರ್ಧ ಬರೆದ ಆಬ್ಜೆಕ್ಟ್ ಫೈಲುಗಳು ಖಾಲಿಯಾಗಿ ಉಳಿದಿರಬಹುದು. ಬಿಲ್ಡ್ ಅವನ್ನು 'ಆಗಿದೆ' ಅಂದುಕೊಂಡು ಮುಂದೆ ಹೋಗಿ ಲಿಂಕಿನಲ್ಲಿ ಅರ್ಥವಾಗದ ಎರರ್ ಕೊಡುತ್ತದೆ. ಬಿಲ್ಡ್ ಫೋಲ್ಡರಿನಲ್ಲಿ ಫೈಂಡ್ ಕಮಾಂಡಿಗೆ ಡ್ಯಾಶ್ ನೇಮ್ ಮತ್ತು ಉದ್ಧರಣ ಚಿಹ್ನೆಯೊಳಗೆ ಸ್ಟಾರ್ ಡಾಟ್ ಒ, ಡ್ಯಾಶ್ ಸೈಜ್ 0 ಕೊಟ್ಟು ಪಟ್ಟಿ ನೋಡಿ. ಸರಿ ಅನಿಸಿದರೆ ಅದೇ ಕಮಾಂಡಿನ ತುದಿಗೆ ಡ್ಯಾಶ್ ಡಿಲೀಟ್ ಸೇರಿಸಿ. ತುದಿಗೇ ಸೇರಿಸಬೇಕು. ಶುರುವಿಗೇ ಹಾಕಿದರೆ ಫೈಂಡ್ ಏನನ್ನೂ ಹುಡುಕದೆ ಇಡೀ ಫೋಲ್ಡರನ್ನೇ ಅಳಿಸುತ್ತದೆ.

ಇಷ್ಟಾದರೂ ಆಗದಿದ್ದರೆ

ಕೆಲವು ಆಗುವುದಿಲ್ಲ. ಪೂರ್ತಿ ಆಂಡ್ರಾಯ್ಡ್ ಕಟ್ಟಲು ಗೂಗಲ್ ಈಗ ಕೇಳುವುದು 64 ಜಿಬಿ ರ‍್ಯಾಮ್. ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂಗೆ ಕನಿಷ್ಠ 8, ಆದರೆ 16ಕ್ಕಿಂತ ಜಾಸ್ತಿ ಇರಲಿ ಅನ್ನುತ್ತಾರೆ, ಮೇಲೆ 100 ಜಿಬಿ ಡಿಸ್ಕು. 4 ಜಿಬಿ ಗೆಸ್ಟಿನಲ್ಲಿ ಇವನ್ನು ಹಚ್ಚಿ ಕೂರುವುದು ಹಟ ಅಷ್ಟೇ. ಒಂದು ದಿನಕ್ಕೆ ದೊಡ್ಡ ಕ್ಲೌಡ್ ಮಷೀನು ಬಾಡಿಗೆಗೆ ತೆಗೆದುಕೊಂಡು, ಅಲ್ಲಿ ಕಟ್ಟಿ, ಫಲಿತಾಂಶ ಮಾತ್ರ ಇಳಿಸಿಕೊಂಡು, ಮಷೀನನ್ನು ಮರೆಯದೆ ಅಳಿಸಿ. ಸುಮ್ನೆ ನಿಲ್ಲಿಸಿಟ್ಟರೆ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ.

ಅದಕ್ಕೂ ಮುಂಚೆ, ಕಟ್ಟಲೇಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ. ಓಪನ್‌ಸಿವಿ, ಎಲ್‌ಎಲ್‌ವಿಎಂ ಎರಡೂ ಉಬುಂಟುವಿನ ಆಪ್ಟ್ ಭಂಡಾರದಲ್ಲಿ ಕಟ್ಟಿದ್ದೇ ಸಿಗುತ್ತವೆ. ಸೋರ್ಸನ್ನು ತಿದ್ದುವ ಉದ್ದೇಶ ಇಲ್ಲದಿದ್ದರೆ ಒಂದೇ ಕಮಾಂಡಿನ ಕೆಲಸ.

ರ‍್ಯಾಮನ್ನೇ ಹೆಚ್ಚಿಸೋಣ ಅನ್ನುವವರು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಗಾಡಿ ತಿರುಗಿಸುವ ಮುಂಚೆ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಪುಟ ನೋಡಿ. ಎಷ್ಟು ಸ್ಲಾಟ್ ಇವೆ, ಎಷ್ಟು ಬಳಕೆಯಲ್ಲಿವೆ ಅಂತ ಅಲ್ಲಿ ಬರೆದಿರುತ್ತದೆ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅವಕ್ಕೆ ಸೇರಿಸಲು ಆಗುವುದಿಲ್ಲ. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಇನ್ನೂ ಸಿಕ್ಕಿಹಾಕಿಕೊಂಡಿದ್ದರೆ, ಯಾರನ್ನೇ ಕೇಳುವಾಗ ಈ ನಾಲ್ಕನ್ನು ಜೊತೆಗೆ ಕಳಿಸಿ: ಫ್ರೀ ಡ್ಯಾಶ್ ಎಚ್ ಉತ್ತರ, ಎನ್‌ಪ್ರಾಕ್ ಅಂಕಿ, ನೀವು ಕೊಟ್ಟ ಪೂರ್ತಿ ಬಿಲ್ಡ್ ಕಮಾಂಡ್, ಕರ್ನಲ್ ದಿನಚರಿಯ ಕೊನೆಯ ಇಪ್ಪತ್ತು ಸಾಲು. ಅಕ್ಷರವಾಗಿಯೇ ಕಾಪಿ ಮಾಡಿ ಕಳಿಸಿ. ಮೊಬೈಲಿನಲ್ಲಿ ಸ್ಕ್ರೀನಿನ ಫೋಟೋ ಓರೆಯಾಗಿ ತೆಗೆದು ಕಳಿಸುತ್ತೀರಿ, ಅದರಲ್ಲಿ ಬೇಕಾದ ಒಂದು ಸಾಲೇ ಕತ್ತರಿಸಿಹೋಗಿರುತ್ತದೆ.